ಅಕ್ಷರಲೋಪವೂ ರೂಪಲೋಪವೂ : ಓಲೆಗರಿಯಿಂದ ಗಣಕಯಂತ್ರದವರೆಗೆ ಹಳಗನ್ನಡದ ೞಕಾರ

ಪ್ರಾಚೀನ ಗ್ರಂಥಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಇತ್ತೀಚಿನ ದಶಕಗಳಲ್ಲಿ ಹೊಸದೊಂದು ತೊಡಕು ಒದಗಿದೆ. ಓಲೆಯ ಪ್ರತಿಯಿಂದ ಶ್ರಮಪಟ್ಟು ಎತ್ತಿಕೊಂಡ ಪಾಠವನ್ನು ಗಣಕಯಂತ್ರದಲ್ಲಿ ಬರೆಯಿಸಿ, ತಿದ್ದಿ, ಮತ್ತೊಂದು ಊರಿನ ವಿದ್ವಾಂಸರಿಗೆ ಕಳುಹಿಸಿದಾಗ, ಅಲ್ಲಿ ಅದು ಖಾಲಿ ಚೌಕಗಳ ಸಾಲಾಗಿಯೋ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿಯೋ, ಒತ್ತುಗಳು ನೆಲೆ ತಪ್ಪಿದ ಕನ್ನಡವಾಗಿಯೋ ಕಾಣಿಸಿಕೊಳ್ಳುವುದುಂಟು. ಇದು ಯಂತ್ರ ಬಲ್ಲ ಹುಡುಗರಿಗೆ ಬಿಡತಕ್ಕ ಸಣ್ಣ ಸಂಗತಿ, ಪಂಡಿತರು ತಲೆಹಾಕಬೇಕಾದುದಲ್ಲ ಎಂಬ ಭಾವನೆ ಹಲವರಲ್ಲಿದೆ. ಆ ಭಾವನೆ ಸರಿಯಲ್ಲ. ಪರದೆಯ ಮೇಲೆ ಅಕ್ಷರ ಕಾಣದಿರುವುದು ಬೇರೆ, ಪಾಠದಲ್ಲಿ ಅಕ್ಷರವೇ ಇಲ್ಲದಿರುವುದು ಬೇರೆ. ಮೊದಲನೆಯದು ರೂಪಲೋಪ, ಎರಡನೆಯದು ಅಕ್ಷರಲೋಪ. ಮೊದಲನೆಯದನ್ನು ಎರಡನೆಯದೆಂದು ಭ್ರಮಿಸಿ ತಿದ್ದಲು ಹೊರಟಾಗ, ಉಳಿದಿದ್ದ ಅಕ್ಷರವೂ ನಿಜವಾಗಿ ಹೋಗಿಬಿಡುತ್ತದೆ. ಈ ಅಪಾಯ ಗಣಕಯಂತ್ರದೊಡನೆ ಹುಟ್ಟಿದ್ದಲ್ಲ. ಅಚ್ಚಿನ ಮೊಳೆಗಳ ಕಾಲದಿಂದಲೂ ಅದು ಹಳಗನ್ನಡ ಪಾಠಗಳನ್ನು ಬೆನ್ನಟ್ಟಿ ಬಂದಿದೆ.

ಹತ್ತಿರದ ಉದಾಹರಣೆಯೊಂದರಿಂದ ವಿಷಯವನ್ನು ಆರಂಭಿಸಬಹುದು. ಹುಬ್ಬಳ್ಳಿಯ ಹಳೆಯ ಪೇಟೆಯ ನಡುವಿನ ದುರ್ಗದಬೈಲ್ ಎಂಬ ಸ್ಥಳನಾಮ, ಹೆಸರೇ ಹೇಳುವಂತೆ, ಕೋಟೆಯ ಮುಂದಣ ಬಯಲನ್ನು ಸೂಚಿಸುತ್ತದೆ. ಬಯಲ್ ಎಂಬ ಹಳೆಯ ರೂಪ ಆಡುನುಡಿಯಲ್ಲಿ ಬೈಲ್ ಆಗಿದೆ. ಈ ಹೆಸರನ್ನು ಇಂದಿನ ಯೂನಿಕೋಡ್ ಪದ್ಧತಿಯಲ್ಲಿ ಬರೆದರೆ ಯಂತ್ರದೊಳಗೆ ನಿಲ್ಲುವುದು 10 ಸಂಕೇತಗಳು: ದಕಾರ, ಕೊಂಬು, ರಕಾರ, ಹಲಂತಚಿಹ್ನೆ, ಗಕಾರ, ದಕಾರ, ಬಕಾರ, ಐತ್ವ, ಲಕಾರ, ಹಲಂತಚಿಹ್ನೆ. ಇದು ಉಚ್ಚಾರಣೆಯ ಕ್ರಮ. ಕಣ್ಣಿಗೆ ಕಾಣುವ ಕ್ರಮವಾದರೋ ಬೇರೆ. ಅಲ್ಲಿ ಗಕಾರ ಮೊದಲು ಬಂದು ಅದರ ಬಲಕ್ಕೆ ಅರ್ಕಾವತ್ತು ನಿಲ್ಲುತ್ತದೆ. ಯೂನಿಕೋಡಿಗೆ ಮುಂಚಿನ ಕನ್ನಡ ತಂತ್ರಾಂಶಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ ತುಣುಕುಗಳನ್ನು ಕೂಡಿಸಿಡುತ್ತಿದ್ದವು. ಅವುಗಳಲ್ಲಿ ಅರ್ಕಾವತ್ತಿನ ತುಣುಕು ಗಕಾರದ ನಂತರವೇ ಸಂಗ್ರಹವಾಗುತ್ತಿತ್ತು. ದುರ್ಗದಬೈಲಿನ ಸುತ್ತಣ ಗಲ್ಲಿಯೊಂದರ ಬೆರಳಚ್ಚು ಅಂಗಡಿಯಲ್ಲಿ ಹಳೆಯ ತಂತ್ರಾಂಶದಿಂದ ಬರೆಯಿಸಿದ ಕಡತವು 20 ಕಿಲೋಮೀಟರು ದೂರದ ಧಾರವಾಡದ ಯಂತ್ರದಲ್ಲಿ ತೆರೆದಾಗ ಓದಲು ಬಾರದಂತಾದರೆ, ಅದಕ್ಕೆ ಕಾರಣವನ್ನು ಇಲ್ಲಿ ಹುಡುಕಬೇಕು. ಕಡತದಲ್ಲಿ ದೋಷವಿಲ್ಲ, ಅದನ್ನು ಓದುವ ಕೀಲಿಕೈ ಆ ಯಂತ್ರದಲ್ಲಿಲ್ಲ.

ದುರ್ಗದಬೈಲ್ ಎಂಬ ಹೆಸರಿಗೆ ಇಂಥ ಅವಸ್ಥೆ ಬಂದರೆ ಹಾನಿ ಅಲ್ಪ. ಊರವರೆಲ್ಲರಿಗೂ ಅದು ತಿಳಿದ ಹೆಸರು; ತಪ್ಪಾಗಿ ಅಚ್ಚಾದರೂ ಓದುಗರು ಸರಿಪಡಿಸಿಕೊಳ್ಳುತ್ತಾರೆ. ಪಂಪ, ಪೊನ್ನ, ರನ್ನರ ಪಾಠಗಳ ಸ್ಥಿತಿ ಹಾಗಲ್ಲ. ಅಲ್ಲಿ ಒಂದು ಅಕ್ಷರದ ವ್ಯತ್ಯಾಸದಿಂದ ಪದವೇ ಬೇರೆಯಾಗುತ್ತದೆ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಖಡ್ಗ. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಕಱೆ ಎಂದರೆ ಹಾಲು ಹಿಂಡು, ಕರೆ ಎಂದರೆ ಕೂಗು. ಅೞಿ ಎಂದರೆ ನಾಶವಾಗು, ಅಳಿ ಎಂದರೆ ದುಂಬಿ. ತತ್ತ್ವವನ್ನು ಅಱಿದವನನ್ನು ಅರಿದವನೆಂದು ಅಚ್ಚು ಮಾಡಿದರೆ ಆಗುವ ಅನರ್ಥವನ್ನು ಜೈನಶಾಸ್ತ್ರ ಬಲ್ಲವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಛಂದಸ್ಸಿನ ದೃಷ್ಟಿಯಿಂದಲೂ ಇದು ಉಪೇಕ್ಷಿಸತಕ್ಕದ್ದಲ್ಲ. ಪಾದಗಳ ಎರಡನೆಯ ಅಕ್ಷರದ ಪ್ರಾಸದಲ್ಲಿ ೞಕಾರಕ್ಕೆ ೞಕಾರವೇ ಹೊಂದಬೇಕು. ೞ, ಳಗಳನ್ನು ಒಂದಾಗಿಸಿದ ಪಾಠದಲ್ಲಿ ಕವಿ ಪ್ರಾಸ ಕಾಪಾಡಿದನೋ ತಪ್ಪಿದನೋ ಎಂಬುದನ್ನು ನಿರ್ಣಯಿಸುವ ಸಾಧನವೇ ಇಲ್ಲವಾಗುತ್ತದೆ. ಪಾಠಾಂತರಗಳ ನಡುವೆ ಶುದ್ಧಪಾಠವನ್ನು ಆರಿಸುವಾಗ ಪ್ರಾಸವೇ ಎಷ್ಟೋ ಕಡೆ ಕಡೆಯ ಸಾಕ್ಷಿಯೆಂಬುದು ಸಂಪಾದಕರ ಅನುಭವ.

13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನಿಗೆ ಈ ತೊಂದರೆ ಚೆನ್ನಾಗಿ ತಿಳಿದಿತ್ತು. ಅವನ ಕಾಲಕ್ಕೆ ೞಕಾರದ ಉಚ್ಚಾರಣೆ ಜನರ ಬಾಯಲ್ಲಿ ಸಡಿಲವಾಗಿ ಳಕಾರದೊಡನೆ ಬೆರೆತುಹೋಗುತ್ತಿತ್ತು. ಆದುದರಿಂದಲೇ ಅವನು ಶಬ್ದಮಣಿದರ್ಪಣದಲ್ಲಿ ರೞ, ಕುಳ, ಕ್ಷಳಗಳೆಂಬ ಭೇದಗಳನ್ನು ಹೇಳಿ, ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿಕೊಟ್ಟನು. ಬಾಯಿಂದ ಮರೆಯಾಗುತ್ತಿರುವ ಅಕ್ಷರವನ್ನು ಪಟ್ಟಿಯಲ್ಲಾದರೂ ಉಳಿಸಬೇಕೆಂಬ ಕಳಕಳಿ ಅದರಲ್ಲಿ ಕಾಣುತ್ತದೆ. ಅವನ ಎಣಿಕೆಯಂತೆ ವರ್ಣಗಳು 57. ಅವುಗಳಲ್ಲಿ ಋವರ್ಣ, ಌವರ್ಣಗಳ ಹ್ರಸ್ವದೀರ್ಘಗಳು ನಾಲ್ಕು, ಶಕಾರ ಷಕಾರಗಳು, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯ, ಕ್ಷಳ ಎಂಬ ಹತ್ತನ್ನು ಕಳೆದರೆ ಅಚ್ಚಗನ್ನಡಕ್ಕೆ 47 ಉಳಿಯುತ್ತವೆ. ಗಣಕಯಂತ್ರದ ವರ್ಣಪಟ್ಟಿಯನ್ನು ಪರೀಕ್ಷಿಸುವಾಗ ಈ 57ರ ಲೆಕ್ಕವನ್ನು ಕೈಯಲ್ಲಿ ಹಿಡಿದಿರುವುದು ಒಳ್ಳೆಯದು. ಮುಂದೆ ಅದರ ಅಗತ್ಯ ಬೀಳುತ್ತದೆ.

ಓಲೆಗರಿಯ ಕಾಲದಲ್ಲಿ ಅಕ್ಷರರೂಪದ ಕೊರತೆ ಎಂಬುದೇ ಇರಲಿಲ್ಲ. ಲಿಪಿಕಾರನ ಕಂಠದ ಮೊನೆಗೆ ಯಾವ ಅಕ್ಷರವನ್ನಾದರೂ ಕೊರೆಯುವ ಶಕ್ತಿಯಿತ್ತು. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಕೀರ್ತಿ ಪಡೆದ ಅತ್ತಿಮಬ್ಬೆಯ ಲಿಪಿಕಾರರಿಗೆ ೞಕಾರ ಸಿಕ್ಕಲಿಲ್ಲವೆಂಬ ಚಿಂತೆ ಬಂದಿರಲಾರದು. ಆಕೆ ಜಿನಾಲಯ ಕಟ್ಟಿಸಿದ ಲಕ್ಕುಂಡಿಯೂ, ಪಂಪನ ಮಾತೃವಂಶದೊಡನೆ ಸಂಬಂಧವುಳ್ಳ ಅಣ್ಣಿಗೇರಿಯೂ ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೋಗುವ ದಾರಿಯಲ್ಲಿಯೇ ಇವೆ. ಅಂದು ಬಂದ ದೋಷಗಳು ಬೇರೆ ಬಗೆಯವು. ಎ-ಏ, ಒ-ಓಗಳ ಹ್ರಸ್ವದೀರ್ಘಗಳನ್ನು ಓಲೆಗಳಲ್ಲಿ ಎಲ್ಲ ಕಡೆಯೂ ಗುರುತಿಸುತ್ತಿರಲಿಲ್ಲ; ಪದಗಳ ನಡುವೆ ಎಡೆ ಬಿಡುತ್ತಿರಲಿಲ್ಲ; ಉಚ್ಚಾರಣೆ ಮರೆತ ನಂತರದ ಕಾಲದ ಪ್ರತಿಕಾರರು ೞಕಾರಕ್ಕೆ ಳಕಾರವನ್ನೂ ಱಕಾರಕ್ಕೆ ರಕಾರವನ್ನೂ ಬರೆದರು. ಆದರೆ ಅವರು ಹಾಗೆ ಬರೆದದ್ದು ತಿಳಿಯದೆ, ಸಾಧನವಿಲ್ಲದೆ ಅಲ್ಲ. ಈ ಭೇದ ಮುಖ್ಯವಾದುದು. ಲಿಪಿಕಾರನ ಅಜ್ಞಾನದಿಂದ ಬಂದ ಸ್ಖಾಲಿತ್ಯವನ್ನು ಇತರ ಪ್ರತಿಗಳ ಸಹಾಯದಿಂದ ಗುರುತಿಸಬಹುದು. ಡಿ.ಎಲ್. ನರಸಿಂಹಾಚಾರ್ಯರು 1964ರಲ್ಲಿ ಪ್ರಕಟವಾದ ಕನ್ನಡ ಗ್ರಂಥಸಂಪಾದನೆಯಲ್ಲಿ ನಿರೂಪಿಸಿದ ಶಾಸ್ತ್ರವೆಲ್ಲ ಇಂಥ ದೋಷಗಳನ್ನು ಕುರಿತದ್ದು. ಸಾಧನದ ಕೊರತೆಯಿಂದ ಬರುವ ದೋಷಕ್ಕೆ ಅಲ್ಲಿರುವ ಸೂತ್ರಗಳು ನೇರವಾಗಿ ಅನ್ವಯಿಸುವುದಿಲ್ಲ.

ಆ ಹೊಸ ಬಗೆಯ ದೋಷ ಮುದ್ರಣದೊಡನೆ ಬಂದಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಬಂಗಾಳದ ಶ್ರೀರಾಮಪುರದಲ್ಲಿ 1817ರಲ್ಲಿ ಅಚ್ಚಾಯಿತು. ಅದಕ್ಕೆ ಐದು ವರ್ಷ ಮೊದಲು, 1812ರ ಮಾರ್ಚ್ ತಿಂಗಳಲ್ಲಿ, ಆ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಭಾರತದ ಹಲವು ಭಾಷೆಗಳ ಅಚ್ಚುಮೊಳೆಗಳು ಕರಗಿಹೋಗಿದ್ದವು. ಮೊಳೆಗಳನ್ನು ಎರೆಯುವ ಮೂಲ ಅಚ್ಚುಗಳು ಉಳಿದಿದ್ದುದರಿಂದ ಕರಗಿದ ಲೋಹವನ್ನೇ ಮತ್ತೆ ಎರೆದು ಕೆಲಸ ಮುಂದುವರಿಸಲಾಯಿತು. ಆ ಬೆಂಕಿಯಲ್ಲಿಯೇ ಸುಟ್ಟುಹೋದ ಹಸ್ತಪ್ರತಿಗಳನ್ನು ಮಾತ್ರ ಹಾಗೆ ಎರೆದು ತೆಗೆಯಲಾಗಲಿಲ್ಲ. ರೂಪ ಹೋದರೆ ಮತ್ತೆ ತರಬಹುದು, ಪಾಠ ಹೋದರೆ ತರಲಾಗದು ಎಂಬುದಕ್ಕೆ ಇಷ್ಟು ಹಳೆಯ ನಿದರ್ಶನ ಸಾಕು.

ಮಂಗಳೂರಿನ ಬಾಸೆಲ್ ಮಿಷನ್ನಿನ ಮುದ್ರಣಾಲಯ ಮೊದಲು ಹಿಡಿದ ದಾರಿ ಕಲ್ಲಚ್ಚಿನದು. 1843ರಲ್ಲಿ ಹೊರಟ ಮಂಗಳೂರ ಸಮಾಚಾರವೂ, 1848ರಿಂದ ಮೋಗ್ಲಿಂಗನು ಪ್ರಕಟಿಸತೊಡಗಿದ ಬಿಬ್ಲಿಯೋಥೆಕಾ ಕರ್ನಾಟಿಕಾ ಮಾಲೆಯ ಗ್ರಂಥಗಳೂ ಕಲ್ಲಚ್ಚಿನವು. ಕಲ್ಲಚ್ಚಿನಲ್ಲಿ ಅಕ್ಷರವನ್ನು ಕೈಯಿಂದಲೇ ಬರೆಯುವುದರಿಂದ, ಓಲೆಯ ಸ್ವಾತಂತ್ರ್ಯ ಅಲ್ಲಿಯೂ ಇತ್ತು, ಬರೆಯಬಲ್ಲುದನ್ನೆಲ್ಲ ಅಚ್ಚುಮಾಡಬಹುದಾಗಿತ್ತು. ಮೊಳೆ ಜೋಡಿಸುವ ಪದ್ಧತಿ ನೆಲೆಗೊಂಡ ಮೇಲೆ ಆ ಸ್ವಾತಂತ್ರ್ಯ ಹೋಯಿತು. ಜೋಡಿಸುವವನ ಮುಂದಿನ ಗೂಡುಪೆಟ್ಟಿಗೆಯಲ್ಲಿ ಯಾವ ಮೊಳೆ ಇದೆಯೋ ಅದೇ ಅಕ್ಷರ. ಗೂಡು ಖಾಲಿಯಾದರೆ ಅಕ್ಷರವೂ ಇಲ್ಲ. ಕಿಟೆಲ್ಲನು 1872ರಲ್ಲಿ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಮಂಗಳೂರಿನಲ್ಲಿ ಅಚ್ಚುಮಾಡಿಸಿದನು. 1894ರ ಅವನ ದೊಡ್ಡ ನಿಘಂಟಿನಲ್ಲಿ ೞ, ಱಗಳನ್ನು ಕಟ್ಟುನಿಟ್ಟಾಗಿ ಬೇರೆಯಿರಿಸಿದನು. ಅದಕ್ಕೆ ಬೇಕಾದ ಮೊಳೆಗಳು ಅಲ್ಲಿ ಇದ್ದವು, ಏಕೆಂದರೆ ಅವು ಬೇಕೆಂದು ಹಟ ಹಿಡಿಯುವ ವಿದ್ವಾಂಸನೊಬ್ಬನಿದ್ದನು. ಬಿ.ಎಲ್. ರೈಸನ ಮೇಲ್ವಿಚಾರಣೆಯಲ್ಲಿ 1890ರಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನವೂ 1898ರಲ್ಲಿ ಪಂಪಭಾರತವೂ ಹೊರಬಂದವು. ವಿದ್ವತ್ ಪ್ರಕಟನೆಗಳಲ್ಲಿ ಈ ಎಚ್ಚರ ಮುಂದುವರಿಯಿತು. ಆದರೆ ಸಾಮಾನ್ಯ ವಾಚಕರಿಗಾಗಿಯೂ ವಿದ್ಯಾರ್ಥಿಗಳಿಗಾಗಿಯೂ ಹೊರಟ ಅನೇಕ ಮುದ್ರಣಗಳು ೞ, ಱಗಳನ್ನು ಬಿಟ್ಟು ಳ, ರಗಳನ್ನೇ ಬಳಸಿದವು. ಕೆಲವು ಕಡೆ ಅದು ಓದುಗರ ಅನುಕೂಲಕ್ಕೆಂದು ತಿಳಿದು ಮಾಡಿದ ಬದಲಾವಣೆ. ಕೆಲವು ಕಡೆ ಗೂಡಿನಲ್ಲಿ ಮೊಳೆ ಇಲ್ಲದುದರ ಫಲ. ಇವೆರಡರಲ್ಲಿ ಯಾವುದೆಂದು ಪುಸ್ತಕದಲ್ಲಿ ಹೇಳದಿದ್ದಾಗ, ಮುಂದಿನವರಿಗೆ ಓಲೆಯ ಪಾಠ ಹೇಗಿತ್ತೆಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಮೂಲದ ಓಲೆ ಈ ನಡುವೆ ಗೆದ್ದಲಿಗೆ ಆಹಾರವಾಗಿದ್ದರಂತೂ ಕೇಳುವುದೇ ಬೇಡ.

ಲಿಪಿ ಬದಲಾದ ಮಾತ್ರಕ್ಕೆ ಪಾಠ ಕೆಡುತ್ತದೆಂದು ಇಲ್ಲಿ ಹೇಳುತ್ತಿಲ್ಲ. ಮೂಡಬಿದಿರೆಯ ಸಿದ್ಧಾಂತಬಸದಿಯ ಧವಲ ಗ್ರಂಥಗಳು ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದವು. 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅವು ನಾಗರಿಯಲ್ಲಿ ಅಚ್ಚಾದವು. ಅವುಗಳ ಭಾಷೆ ಪ್ರಾಕೃತ, ಸಂಸ್ಕೃತ. ಅಲ್ಲಿ ೞಕಾರದ ಪ್ರಶ್ನೆಯೇ ಏಳುವುದಿಲ್ಲ. ಅದೇ ನಾಗರಿಯಲ್ಲಿ ಆದಿಪುರಾಣವನ್ನು ಅಚ್ಚುಮಾಡಿದರೆ ೞಕಾರಕ್ಕೂ ಹ್ರಸ್ವ ಎ, ಒಗಳಿಗೂ ವಿಶೇಷ ಚಿಹ್ನೆಗಳನ್ನು ಕಲ್ಪಿಸಿಕೊಳ್ಳಬೇಕಾಗುತ್ತದೆ.

ಗಣಕಯಂತ್ರದಲ್ಲಿ ಕನ್ನಡ ಬಂದಾಗ ಆರಂಭದಲ್ಲಿ ನಡೆದುದು ಗೂಡುಪೆಟ್ಟಿಗೆಯ ಕಥೆಯೇ. ರೋಮನ್ ಅಕ್ಷರಗಳಿಗಾಗಿ ಮಾಡಿದ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಗುಡಿಸು, ಒತ್ತುಗಳ ತುಣುಕುಗಳನ್ನು ತುಂಬಿ, ಅವುಗಳನ್ನು ಕೂಡಿಸಿ ಕಣ್ಣಿಗೆ ಕನ್ನಡವನ್ನು ತೋರಿಸಲಾಗುತ್ತಿತ್ತು. ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಇವೆಲ್ಲ ಕನ್ನಡದ ಕೆಲಸಕ್ಕೆ ಮಾಡಿದ ಉಪಕಾರ ದೊಡ್ಡದು; ಮುದ್ರಣಾಲಯಗಳಲ್ಲಿ ಪೇಜ್‌ಮೇಕರಿನೊಡನೆ ಇವುಗಳ ಫಾಂಟುಗಳೇ ದಶಕಗಳ ಕಾಲ ಪುಸ್ತಕಗಳನ್ನು ಹೊರತಂದವು. ಆದರೆ ಆ ಕಾಲದ ಕಡತದಲ್ಲಿ ನಿಜವಾಗಿ ಕನ್ನಡ ಇರುವುದಿಲ್ಲ. ಇರುವುದು ಮನೆಯ ಸಂಖ್ಯೆಗಳು. ಯಾವ ಮನೆಯಲ್ಲಿ ಯಾವ ತುಣುಕು ಎಂಬುದು ಆಯಾ ಫಾಂಟಿಗೇ ಗೊತ್ತು. ಆ ಫಾಂಟು ಯಂತ್ರದಲ್ಲಿಲ್ಲದಿದ್ದರೆ ಮನೆಗಳ ಮೂಲನಿವಾಸಿಗಳಾದ ರೋಮನ್ ಅಕ್ಷರಗಳು ಎದ್ದು ಬರುತ್ತವೆ.

1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗ ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು ದೊರೆತವು. ಇಲ್ಲಿ ತತ್ತ್ವ ಬೇರೆ. ಸಂಖ್ಯೆ ಅಕ್ಷರಕ್ಕೆ ಸೇರಿದ್ದು, ರೂಪ ಫಾಂಟಿಗೆ ಸೇರಿದ್ದು. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಸಂಕೇತ ದ್ರವ್ಯದಂತೆ, ಅದರ ಬಗೆಬಗೆಯ ಆಕಾರಗಳು ಪರ್ಯಾಯದಂತೆ. ಪರ್ಯಾಯಗಳು ಬದಲಾದರೂ ದ್ರವ್ಯ ನಿಲ್ಲುತ್ತದೆ. ಸಾಮ್ಯ ಪೂರ್ಣವಾದುದಲ್ಲ, ಪರ್ಯಾಯವೇ ಇಲ್ಲದ ದ್ರವ್ಯವನ್ನು ಶಾಸ್ತ್ರ ಒಪ್ಪುವುದಿಲ್ಲ. ಯಂತ್ರದೊಳಗೆ ಮಾತ್ರ ಆಕಾರವಿಲ್ಲದೆಯೂ ಸಂಕೇತ ಇರಬಲ್ಲುದು.

ಈ ಹೊಸ ಪಟ್ಟಿಯಲ್ಲಿ ೞಕಾರಕ್ಕೆ ಒದಗಿದ ಗತಿ ಕುತೂಹಲಕರವಾಗಿದೆ. ಭಾರತೀಯ ಲಿಪಿಗಳ ಪಟ್ಟಿಗಳನ್ನು 1988ರ ಇಸ್ಕಿ ಸಂಕೇತಕ್ರಮವನ್ನು ಅನುಸರಿಸಿ ಒಂದೇ ವಿನ್ಯಾಸದಲ್ಲಿ ಏರ್ಪಡಿಸಲಾಯಿತು. ಸೊನ್ನೆಯಿಂದ ಎಣಿಸಿದರೆ 51ನೆಯ ಮನೆ ಳಕಾರದ್ದು, 52ನೆಯದು ೞಕಾರದ್ದು. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಹೀಗೆಯೇ ಇದೆ. ನಾಗರಿಯಲ್ಲಿ ಕೂಡ ದ್ರಾವಿಡ ಧ್ವನಿಗಾಗಿ ಅದೇ 52ನೆಯ ಮನೆಯನ್ನು ಕೊಟ್ಟಿದ್ದಾರೆ. ಕನ್ನಡದಲ್ಲಿ ಮಾತ್ರ 52ನೆಯ ಮನೆ ಇಂದಿಗೂ ಖಾಲಿ. ೞಕಾರ ಇರುವುದು 94ನೆಯ ಮನೆಯಲ್ಲಿ, ಅಂದರೆ 3294ನೆಯ ಸಂಖ್ಯೆಯಲ್ಲಿ. ಅದಕ್ಕಿಟ್ಟ ಅಧಿಕೃತ ಹೆಸರಂತೂ ಇನ್ನೂ ವಿಚಿತ್ರ: ಕನ್ನಡ ಅಕ್ಷರ ‘ಫ’, ಅಂದರೆ ಪರ್ಷಿಯನ್, ಇಂಗ್ಲಿಷ್ ಶಬ್ದಗಳಲ್ಲಿ ಬರುವ ದಂತ್ಯೋಷ್ಠ್ಯ ಫಕಾರ. ನಾಗರಿ ಮತ್ತು ಗುರುಮುಖಿ ಪಟ್ಟಿಗಳಲ್ಲಿ 94ನೆಯ ಮನೆ ಚುಕ್ಕಿಯುಳ್ಳ ಆ ಫಕಾರದ್ದೇ ಆಗಿರುವುದನ್ನು ನೋಡಿದರೆ, ಸ್ಥಾನಸಾಮ್ಯದಿಂದ ಹೆಸರು ಜಾರಿ ಬಂದಿರಬೇಕೆಂದು ಊಹಿಸಲು ಅವಕಾಶವಿದೆ. ಲಿಪಿಕಾರನ ಕಣ್ಣು ಒಂದು ಗರಿಯ ಸಾಲಿನಿಂದ ಪಕ್ಕದ ಗರಿಯ ಅದೇ ಸಾಲಿಗೆ ಜಾರಿದಂತೆ! ತಪ್ಪು ಗೊತ್ತಾದ ಮೇಲೆಯೂ ಹೆಸರನ್ನು ತೆಗೆಯಲಾಗಲಿಲ್ಲ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಆದುದರಿಂದ ಅದರ ಪಕ್ಕದಲ್ಲಿ ೞಕಾರವೆಂಬ ಸರಿಯಾದ ಪರ್ಯಾಯನಾಮವನ್ನು ತಿದ್ದುಪಡಿಯೆಂದು ಸೇರಿಸಲಾಗಿದೆ. ಮೂಲಪಾಠವನ್ನು ಕೆರೆಯದೆ ಅಂಚಿನಲ್ಲಿ ಶುದ್ಧರೂಪವನ್ನು ಬರೆಯುವ ಹಳೆಯ ಪ್ರತಿಗಳ ಸಂಪ್ರದಾಯವನ್ನೇ ಇದು ಹೋಲುತ್ತದೆ. ವ್ಯವಹಾರದಲ್ಲಿ ಇದರಿಂದ ಎರಡು ತೊಂದರೆಗಳಿವೆ. ತಮಿಳು ಪಾಠವನ್ನು ಮನೆಯ ಸ್ಥಾನದ ಮೇಲಿಂದ ಕನ್ನಡಕ್ಕೆ ಲಿಪ್ಯಂತರ ಮಾಡುವ ತಂತ್ರಾಂಶಕ್ಕೆ ಕನ್ನಡದ ಖಾಲಿ ಮನೆ ಎದುರಾಗುತ್ತದೆ. ಸಂಕೇತಸಂಖ್ಯೆಯ ಕ್ರಮದಲ್ಲಿಯೇ ಅಕಾರಾದಿ ಮಾಡಿಸಿದರೆ ೞಕಾರಾದಿಗಳು ಳಕಾರದ ಬಳಿ ನಿಲ್ಲದೆ ಹಕಾರವನ್ನೂ ದಾಟಿಹೋಗುತ್ತವೆ.

ಕೇಶಿರಾಜನ 57ನ್ನು ಇಟ್ಟುಕೊಂಡು ಪಟ್ಟಿಯನ್ನು ನೋಡಿದರೆ ಮೊದಲಲ್ಲಿ ಇನ್ನೂ ಕೊರತೆಗಳು ಕಾಣುತ್ತವೆ. ಅವಗ್ರಹ 2003ರಲ್ಲಿ ಬಂದಿತು. ಜಿಹ್ವಾಮೂಲೀಯ, ಉಪಧ್ಮಾನೀಯಗಳೂ ಌಕಾರದ ಸ್ವರಚಿಹ್ನೆಗಳೂ ಸೇರಿದುದು 2006ರಲ್ಲಿ. ಶಾಸನಗಳ ಆರಂಭದಲ್ಲಿ ಬರುವ ಸಿದ್ಧಂ ಚಿಹ್ನೆ 2018ರಲ್ಲಿ ಸೇರಿತು. ನಕಾರಪೊಲ್ಲು, ಅಂದರೆ ಹಲಂತ ನಕಾರಕ್ಕೆ ಹಳೆಯ ಬರವಣಿಗೆಯಲ್ಲಿದ್ದ ಪ್ರತ್ಯೇಕ ರೂಪ, 2021ರಲ್ಲಿ. ಹಳಗನ್ನಡದಲ್ಲಿ ನಕಾರಾಂತ ಪುಲ್ಲಿಂಗಗಳು ಎಷ್ಟು ಹೇರಳವೆಂಬುದನ್ನು ನೆನೆದರೆ ಈ ಕೊನೆಯದರ ಮಹತ್ತ್ವ ತಿಳಿಯುತ್ತದೆ. ಆದರೆ ಪಟ್ಟಿಯಲ್ಲಿ ಸೇರಿದ ಮಾತ್ರಕ್ಕೆ ಎಲ್ಲ ಯಂತ್ರಗಳಲ್ಲಿ ಕಾಣುವುದಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ತುಂಗಾ ಫಾಂಟಿಗೆ 2018ರ ಚಿಹ್ನೆ ತಿಳಿದಿರುವುದು ಹೇಗೆ?

ಇನ್ನು ದೋಷಗಳ ಲಕ್ಷಣವನ್ನು ನೋಡಿ ಕಾರಣವನ್ನು ಗುರುತಿಸುವ ಬಗೆ. ವೈದ್ಯರು ನಾಡಿ ಹಿಡಿಯುವಂತೆ ಇಲ್ಲಿಯೂ ಲಕ್ಷಣವೇ ಮೊದಲು. ಪುಟವೆಲ್ಲ ರೋಮನ್ ಅಕ್ಷರಗಳ ಗೊಂದಲವಾಗಿದ್ದರೆ ಅದು ಯೂನಿಕೋಡಿಗೆ ಮುಂಚಿನ ಕಡತ. ಯಾವ ತಂತ್ರಾಂಶದಲ್ಲಿ ಬರೆದದ್ದೆಂದು ತಿಳಿದು ಆ ಫಾಂಟನ್ನೇ ಯಂತ್ರದಲ್ಲಿ ಸ್ಥಾಪಿಸಿದರೆ ಪಾಠ ಹಾಗೆಯೇ ಮೂಡುತ್ತದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಪರಿವರ್ತಿಸಿದ ನಂತರ ೞ, ಱ, ಅರ್ಕಾವತ್ತು, ಪದಮಧ್ಯದ ಹಲಂತ ಇವನ್ನು ಓಲೆಯೊಡನೆ ಒಂದೊಂದಾಗಿ ಹೋಲಿಸಬೇಕು. ಹಳೆಯ ಕಡತವನ್ನು ಅಳಿಸಬಾರದು. ಅದು ಈಗ ಒಂದು ಪ್ರತ್ಯಂತರ.

ಪುಟವೆಲ್ಲ ಖಾಲಿ ಚೌಕಗಳಾಗಿದ್ದರೆ ಪಾಠ ಯೂನಿಕೋಡಿನಲ್ಲಿದೆ, ಯಂತ್ರದಲ್ಲಿ ಕನ್ನಡ ಫಾಂಟಿಲ್ಲ ಎಂದು ತಿಳಿಯಬೇಕು. ಫಾಂಟನ್ನು ಸ್ಥಾಪಿಸಿದ ಕೂಡಲೆ ಚೌಕಗಳು ಅಕ್ಷರಗಳಾಗುತ್ತವೆ. ತುಂಗಾ ಫಾಂಟಿನಲ್ಲಿ ಸಿದ್ಧಪಡಿಸಿದ ಕಡತಗಳು ಹೊಸ ಯಂತ್ರದಲ್ಲಿ ಬೇರೆ ಆಕಾರದಲ್ಲಿ, ಪುಟಗಳ ಮಿತಿ ಮೀರಿ ಕಾಣುವುದಕ್ಕೂ ಒಂದು ಕಾರಣವಿದೆ. ವಿಂಡೋಸಿನ ಎಂಟನೆಯ ಆವೃತ್ತಿಯಿಂದ ನಿರ್ಮಲಾ ಎಂಬ ಫಾಂಟು ಬಂದಿತು. ಹತ್ತನೆಯ ಆವೃತ್ತಿಯಲ್ಲಿ ತುಂಗಾ ತಾನಾಗಿ ಬರುವುದಿಲ್ಲ, ಸೆಟ್ಟಿಂಗ್ಸಿನ ಐಚ್ಛಿಕ ಸೌಲಭ್ಯಗಳೊಳಗಿನ ಕನ್ನಡದ ಪೂರಕ ಫಾಂಟುಗಳನ್ನು ಕೇಳಿ ಹಾಕಿಸಿಕೊಳ್ಳಬೇಕು. ಪುಟಸಂಖ್ಯೆಯನ್ನು ನಂಬಿ ಪದಸೂಚಿ ಮಾಡಿದವರಿಗೆ ಇದು ಸಣ್ಣ ತೊಂದರೆಯಲ್ಲ. ಇಂಥ ಚೌಕಗಳಿಗೆ ಮುದ್ರಣ ಬಲ್ಲವರು ಸೋಯಾಗಿಣ್ಣಿನ ತುಂಡೆಂದು, ಅಂದರೆ ‘ತೋಫು’ ಎಂದು, ಹೆಸರಿಟ್ಟಿದ್ದಾರೆ. ಗೂಗಲ್ ಸಂಸ್ಥೆ ಹಂಚುತ್ತಿರುವ ನೋಟೋ ಫಾಂಟುಗಳ ಹೆಸರಿನ ಅರ್ಥವೇ ‘ತೋಫು ಬೇಡ’ ಎಂದು.

ಮಿಕ್ಕೆಲ್ಲ ಸರಿಯಾಗಿದ್ದು ಎಲ್ಲೋ ಒಂದು ಚೌಕ ಮಾತ್ರ ಕಂಡರೆ, ಸಂಪಾದಕನು ಅಲ್ಲಿ ನಿಂತು ನೋಡಬೇಕು. ಬಳಸಿದ ಫಾಂಟಿನಲ್ಲಿ ಆ ಒಂದು ಅಕ್ಷರಕ್ಕೆ ಆಕಾರವಿಲ್ಲ ಎಂಬುದೇ ಅದರ ಅರ್ಥ. ಅದು ಬಹುಮಟ್ಟಿಗೆ ಅಪರೂಪದ ಅಕ್ಷರವೇ ಆಗಿರುವುದರಿಂದ, ಹಳಗನ್ನಡ ಪಾಠಕ್ಕೆ ಅದೇ ಜೀವಾಳ. ಚೌಕವನ್ನು ಆರಿಸಿ ಅದರ ಸಂಕೇತಸಂಖ್ಯೆಯನ್ನು ನೋಡಿದರೆ ಸಂದೇಹ ತೀರುತ್ತದೆ: 3294 ಇದ್ದರೆ ಅದು ೞಕಾರ, 3249 ಇದ್ದರೆ ಱಕಾರ. ಆಗ ಬದಲಿಸಬೇಕಾದುದು ಫಾಂಟನ್ನು. ಬಹುಪಾಲು ಕಡೆ ನಡೆಯುವುದು ಇದಕ್ಕೆ ವಿರುದ್ಧವಾಗಿದೆ. ಅಕ್ಷರ ಬರುತ್ತಿಲ್ಲವೆಂದು ಬೆರಳಚ್ಚುಗಾರನು ಚೌಕವನ್ನಳಿಸಿ ಳಕಾರವನ್ನು ಒತ್ತುತ್ತಾನೆ. ಕರಡು ತಿದ್ದುವವರು ಪರದೆ ಚೊಕ್ಕಟವಾಯಿತೆಂದು ಸಂತೋಷಪಡುತ್ತಾರೆ. ಚೌಕವಿದ್ದಾಗ ಪಾಠ ಶುದ್ಧವಾಗಿತ್ತು. ಅಂದವಾದ ಮೇಲೆ ಅಶುದ್ಧವಾಯಿತು. ಮೊಳೆಯ ಗೂಡು ಖಾಲಿಯಾದಾಗ ನಡೆದ ಅನರ್ಥವೇ ಇದು, ಆದರೆ ಆಗ ಬೇರೆ ದಾರಿಯಿರಲಿಲ್ಲ, ಈಗ ಇದೆ.

ಒತ್ತುಗಳು ಅಡಿಗೆ ಬಾರದೆ ಪಕ್ಕದಲ್ಲಿ ಹಲಂತವಾಗಿ ನಿಂತಿದ್ದರೆ, ದುರ್ಗ ಎಂಬಲ್ಲಿ ಅರ್ಕಾವತ್ತು ಮೂಡದೆ ರಕಾರವೇ ಎದ್ದು ಕಂಡರೆ, ದೋಷ ಫಾಂಟಿನದಲ್ಲದೆ ಅಕ್ಷರಗಳನ್ನು ಕೂಡಿಸುವ ತಂತ್ರಾಂಶದ್ದಾಗಿರಬಹುದು. ಪೇಜ್‌ಮೇಕರಿನಂಥ ಹಳೆಯ ಸಾಧನಗಳು ಯೂನಿಕೋಡ್ ಕನ್ನಡವನ್ನು ಅರಿಯವು. ಅಲ್ಲಿ ಎಷ್ಟು ಫಾಂಟು ಬದಲಿಸಿದರೂ ಪ್ರಯೋಜನವಿಲ್ಲ. ಪಠ್ಯವನ್ನು ತಿದ್ದದೆ ಸಾಧನವನ್ನೇ ಬದಲಿಸಬೇಕು.

ಚುಕ್ಕಿಗಳ ವೃತ್ತವೊಂದು ಕಾಣಿಸಿಕೊಂಡರೆ ಮಾತ್ರ ಪಾಠವನ್ನೇ ಶಂಕಿಸಬೇಕಾಗುತ್ತದೆ. ಆಧಾರವಿಲ್ಲದ ಸ್ವರಚಿಹ್ನೆ, ಎರಡು ಸಲ ಒತ್ತಿದ ಕೊಂಬು, ಕ್ರಮ ತಪ್ಪಿದ ಒತ್ತು ಇಂಥವುಗಳನ್ನು ಯಂತ್ರ ಹೀಗೆ ಎತ್ತಿ ತೋರಿಸುತ್ತದೆ. ಅಲ್ಲಿಯೂ ಅವಸರ ಸಲ್ಲದು. ಹೊಸದಾಗಿ ಸೇರಿದ ಚಿಹ್ನೆಯನ್ನು ಹಳೆಯ ಯಂತ್ರ ಅರಿಯದಿದ್ದಾಗಲೂ ಇದೇ ವೃತ್ತ ಬರಬಹುದು. ಯಾವ ಲಕ್ಷಣವನ್ನೂ ತೋರದ ದೋಷವೂ ಒಂದುಂಟು. ದುರ್ಗದಬೈಲ್ ಎಂಬಲ್ಲಿನ ಐತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಅದರ ಬಾಲ ಎಂದು ಎರಡಾಗಿಯೂ ಬರೆಯಬಹುದು. ಆಗ 10 ಸಂಕೇತಗಳು 11 ಆಗುತ್ತವೆ. ಪರದೆಯ ಮೇಲೆ ಕೂದಲೆಳೆಯ ಭೇದವೂ ಕಾಣದು. ಎರಡನ್ನೂ ಸಮವೆಂದು ಯೂನಿಕೋಡೇ ಹೇಳುತ್ತದೆ. ಆದರೆ ಸಮೀಕರಣ ಮಾಡದ ಸಾಧನದಲ್ಲಿ ಪದವನ್ನು ಹುಡುಕಿದರೆ ಒಂದು ಸಿಕ್ಕಿ ಇನ್ನೊಂದು ತಪ್ಪಿಹೋಗುತ್ತದೆ. ಪದಪ್ರಯೋಗಗಳನ್ನು ಎಣಿಸುವವರು ಎಣಿಕೆಗೆ ಮೊದಲು ಈ ಏಕರೂಪತೆಯನ್ನು ಸಾಧಿಸಿಕೊಳ್ಳಬೇಕು.

ಫಾಂಟನ್ನು ಒಳಗೇ ಅಡಗಿಸಿದ ಪಿಡಿಎಫ್ ಕಡತವನ್ನು ಕಳುಹಿಸಿದರೆ ಈ ತೊಂದರೆಗಳೆಲ್ಲ ತೀರುತ್ತವೆಂದು ಹೇಳುವವರಿದ್ದಾರೆ. ಓದುವುದಕ್ಕಷ್ಟೇ ಆದರೆ ಅದು ಸರಿ. ಎಲ್ಲಿ ತೆರೆದರೂ ಪುಟ ಒಂದೇ ಬಗೆಯಾಗಿ ಕಾಣುತ್ತದೆ. ಆದರೆ ಅದು ಕಲ್ಲಚ್ಚಿನಂತೆ ರೂಪವನ್ನು ಕಾಪಾಡುತ್ತದೆಯೇ ಹೊರತು, ಅದರಿಂದ ಪಾಠವನ್ನು ಮರಳಿ ಎತ್ತಿಕೊಳ್ಳುವಾಗ ಅಕ್ಷರಕ್ರಮ ಕೆಡುವುದುಂಟು. ಪಿಡಿಎಫ್ ಜೊತೆಗೆ ಯೂನಿಕೋಡಿನ ಸರಳಪಠ್ಯದ ಕಡತವನ್ನೂ ಇಡುವುದು ಕ್ಷೇಮ.

ಗ್ರಂಥಸಂಪಾದಕರು ಪೀಠಿಕೆಯಲ್ಲಿ ಕ, ಖ, ಗ ಎಂದು ಪ್ರತಿಗಳಿಗೆ ಸಂಜ್ಞೆ ಕೊಟ್ಟು ಅವುಗಳ ಗರಿ, ಸಾಲು, ಲಿಪಿ, ಸ್ಥಿತಿಗಳನ್ನು ವರ್ಣಿಸುವುದು ರೂಢಿ. ಅದೇ ಜಾಗದಲ್ಲಿ, ಪಾಠವನ್ನು ಯಾವ ಸಂಕೇತಪದ್ಧತಿಯಲ್ಲಿ ಬರೆಯಿಸಲಾಯಿತು, ಹಳೆಯ ಕಡತದಿಂದ ಪರಿವರ್ತಿಸಿದ್ದಾದರೆ ಯಾವುದರಿಂದ, ಅಚ್ಚಿಗೆ ಬಳಸಿದ ಫಾಂಟು ಯಾವುದು, ೞ, ಱಗಳನ್ನು ಓಲೆಯಲ್ಲಿದ್ದಂತೆಯೇ ಉಳಿಸಿದೆಯೋ ಇಲ್ಲವೋ ಎಂಬ ನಾಲ್ಕು ಮಾತುಗಳನ್ನು ಸೇರಿಸುವುದರಿಂದ ಪುಟವೇನೂ ಹೆಚ್ಚಾಗದು. ಓಲೆಯಲ್ಲಿಯೇ ಲಿಪಿಕಾರನು ಳಕಾರ ಬರೆದಿದ್ದು ಸಂಪಾದಕನು ೞಕಾರಕ್ಕೆ ತಿದ್ದಿದ್ದರೆ ಅದು ಅಡಿಟಿಪ್ಪಣಿಯಲ್ಲಿ ಬರಲೇಬೇಕು. ಇಲ್ಲವಾದರೆ ಪ್ರತಿಯ ಕಾಲನಿರ್ಣಯಕ್ಕೆ ನೆರವಾಗಬಲ್ಲ ಸಾಕ್ಷ್ಯವನ್ನು ಅಳಿಸಿದಂತಾಗುತ್ತದೆ.

ಸಿದ್ಧಂ ಚಿಹ್ನೆಯ ವಿಷಯ ಇಲ್ಲಿ ವಿಶೇಷವಾಗಿ ಗಮನಾರ್ಹ. 2018ಕ್ಕೆ ಮೊದಲು ಯಂತ್ರಕ್ಕೇರಿದ ಶಾಸನಪಾಠಗಳಲ್ಲಿ ಕನ್ನಡ ಪಟ್ಟಿಯ ಈ ಚಿಹ್ನೆಯನ್ನು ಬರೆಯುವ ಉಪಾಯವೇ ಇರಲಿಲ್ಲ. ಅದರ ಜಾಗದಲ್ಲಿ ಓಂಕಾರ ಬರೆದವರೂ, ಸಿದ್ಧಂ ಎಂದು ಅಕ್ಷರಗಳಲ್ಲಿ ಬರೆದವರೂ, ಚಿತ್ರವನ್ನಂಟಿಸಿದವರೂ, ಏನನ್ನೂ ಬರೆಯದೆ ಬಿಟ್ಟವರೂ ಇರುವುದು ಸಹಜ. ಹಾಗೆ ಓಂಕಾರವೆಂದು ಬರೆದದ್ದು ಕಲ್ಲಿನ ಮೇಲೆಯೂ ಓಂಕಾರವೋ ಅಥವಾ ಸುರುಳಿಯಾಕಾರದ ಸಿದ್ಧಂ ಚಿಹ್ನೆಯೋ ಎಂಬುದನ್ನು ಕಡತ ನೋಡಿ ಹೇಳಲಾಗದು. ಶಾಸನದ ಪಡಿಯಚ್ಚನ್ನೋ ಛಾಯಾಚಿತ್ರವನ್ನೋ ಮುಂದಿಟ್ಟುಕೊಂಡು ಒಂದೊಂದನ್ನಾಗಿ ನೋಡಬೇಕಾಗುತ್ತದೆ.